ಹಣಿಗಿ ಓಣಿಯಿಂದ ಉತ್ತರವಿಲ್ಲ

ಸೋಮವಾರ ಸಂಜೆ ಗದಗಿನ ನಾಡಿಮನೆಯಲ್ಲಿ ಎಲ್ಲವೂ ಶಾಂತವಾಗಿತ್ತು. ಗೋಡೆಯಗಲದ ನಕ್ಷೆಯ ಮೇಲೆ ಜಿಲ್ಲೆಯ ಊರುಗಳು ಹಸಿರು ಚುಕ್ಕೆಗಳಾಗಿ ಹರಡಿಕೊಂಡಿದ್ದವು. ಒಂದು ಚುಕ್ಕೆ ಎಂದರೆ ಒಬ್ಬ ಮನುಷ್ಯ. ಪಾಳಿಯ ಮುಖ್ಯಸ್ಥೆ ಸುವರ್ಣಾ ಬಡಿಗೇರ ಚಹಾದ ಲೋಟಕ್ಕೆ ಕೈಚಾಚಿದ್ದಳು. ಅಷ್ಟರಲ್ಲಿ ಬೆಟಗೇರಿಯ ಹಣಿಗಿ ಓಣಿಯಲ್ಲಿ ಒಂದು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಅದರ ಬೆನ್ನಿಗೇ ಪಕ್ಕದ್ದು. ಆಮೇಲೆ ಎದುರು ಸಾಲಿನ ಮನೆಗಳದ್ದು. ಅವಳು ಎದ್ದು ನಿಲ್ಲುವಷ್ಟರಲ್ಲಿ ಓಣಿಗೆ ಓಣಿಯೇ ಬೂದಿಯಾಗಿತ್ತು.

"ದಾವಲ್, ಇಲ್ಲಿ ನೋಡ್ರಿ!"

ಜಾಲದ ಎಂಜಿನಿಯರ್ ದಾವಲಸಾಬ ನದಾಫ ಕುರ್ಚಿ ಸಮೇತ ಉರುಳಿಕೊಂಡು ಬಂದ. ಪರದೆಯ ಮೇಲೆ ಹೆಸರುಗಳು ಒಂದರ ಮೇಲೊಂದು ಬರುತ್ತಿದ್ದವು. ಎಲ್ಲದರ ಮುಂದೂ ಒಂದೇ ಮಾತು: ಉತ್ತರವಿಲ್ಲ.

ಬೂದಿ ಬಣ್ಣಕ್ಕೆ ನಾಡಿಮನೆಯಲ್ಲಿ ಒಂದೇ ಅರ್ಥವಿತ್ತು. ಆ ಕಾಲಕ್ಕೆ ದೊಡ್ಡವರೆಲ್ಲರ ಎಡ ಪಕ್ಕೆಲುಬಿನ ಕೆಳಗೆ, ಚರ್ಮಕ್ಕೆ ಅಂಟಿದಂತೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇರುತ್ತಿತ್ತು. ಮೈಯ ಬಿಸಿಯೇ ಅದಕ್ಕೆ ಬ್ಯಾಟರಿ. ನಾಡಿಮನೆಯ ತಂತ್ರಾಂಶ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಪ್ರತಿಯೊಂದು ಬಿಲ್ಲೆಯನ್ನೂ ಕೂಗಿ ಕೇಳುತ್ತಿತ್ತು. ಬಿಲ್ಲೆ ತನ್ನ ಯಜಮಾನನ ಎದೆ ಆ ಅರ್ಧ ನಿಮಿಷದಲ್ಲಿ ಹೇಗೆ ಬಡಿಯಿತು ಎಂಬುದನ್ನು ಒಂದು ಸಣ್ಣ ಗೆರೆಯಾಗಿ ಕಳಿಸುತ್ತಿತ್ತು. ಮೂರು ಸಲ ಕೂಗಿದರೂ ಉತ್ತರ ಬಾರದಿದ್ದರೆ ಚುಕ್ಕೆ ಬೂದಿಯಾಗುತ್ತಿತ್ತು, ಯಾರ ಅಪ್ಪಣೆಗೂ ಕಾಯದೆ ಆಂಬುಲೆನ್ಸ್ ಹೊರಡುತ್ತಿತ್ತು.

ಜನ ಈ ಬಿಲ್ಲೆಗೆ ಬೇಗ ಒಗ್ಗಿಕೊಂಡಿದ್ದರು. ಗಂಡ ಸಿಟ್ಟಿಗೆದ್ದರೆ ಹೆಂಡತಿ, "ಸಾವಕಾಶ ಮಾತಾಡ್ರಿ, ನಾಡಿಮನ್ಯಾಗ ನೋಡ್ತಿರ್ತಾರ" ಎನ್ನುತ್ತಿದ್ದಳು. ಹೆಣ್ಣು ನೋಡಲು ಹೋದ ಹುಡುಗನೊಬ್ಬನಿಗೆ, ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬಂದ ಕ್ಷಣಕ್ಕೆ ಸರಿಯಾಗಿ, "ನಿಮಗೆ ಆರಾಮ ಐತೇನ್ರಿ?" ಎಂದು ನಾಡಿಮನೆಯಿಂದ ಫೋನು ಹೋಗಿ, ಅದು ಅಲ್ಲಿ ಕೂತವರಿಗೆಲ್ಲ ಕೇಳಿಸಿ, ಆ ಸಂಬಂಧ ಅಲ್ಲೇ ಕುದುರಿದ ಕಥೆಯೂ ಇತ್ತು. ನಗೆಯ ಮಾತು ಬದಿಗಿಟ್ಟರೆ, ಊರಲ್ಲಿ ಮಲಗಿದವರು ಮಲಗಿದಂತೆಯೇ ಹೋಗುವುದು ಕಡಿಮೆಯಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ಈಗ ಒಂದು ಇಡೀ ಓಣಿ ಉತ್ತರ ಕೊಡುತ್ತಿಲ್ಲ. ವಿಷದ ಗಾಳಿಯೋ? ಕರೆಂಟು ಹರಿಯಿತೋ? ಊರಲ್ಲಿದ್ದ ಆಂಬುಲೆನ್ಸುಗಳೆಲ್ಲ ಸದ್ದು ಮಾಡುತ್ತ ಬೆಟಗೇರಿಯತ್ತ ಓಡಿದವು. ಸ್ವಲ್ಪ ಹೊತ್ತಿಗೆ ಮೊದಲ ಗಾಡಿಯ ಚಾಲಕನ ಫೋನು ಬಂತು.

"ಮೇಡಮ್ಮಾರ, ಇಲ್ಲಿ ಎಲ್ಲಾರೂ ಆರಾಮ ಅದಾರ್ರೀ."

"ಎಲ್ಲಾರೂ?"

"ಎಲ್ಲಾರೂ. ಅಗಸಿ ಕಟ್ಟಿ ಮ್ಯಾಲ ಕುಂತಾರ. ಏನ್ ಮಾಡಾಕ ಹತ್ತಿದ್ರಿ ಅಂತ ಕೇಳಿದ್ರ, ಏನಿಲ್ರಿ, ಸುಮ್ನ ಕುಂತಿದ್ವಿ ಅಂತಾರ. ನಮಗ ಮಂಡಕ್ಕಿ ಕಲಸಾಕ ಹತ್ಯಾರ."

ಸುವರ್ಣಾ ನಕ್ಷೆಯ ಕಡೆ ತಿರುಗಿದಳು. ಹಣಿಗಿ ಓಣಿ ಮತ್ತೆ ಹಸಿರಾಗಿ ಹೊಳೆಯುತ್ತಿತ್ತು.

ಅಂದು ಎಲ್ಲರೂ ನಕ್ಕು ಸುಮ್ಮನಾದರು. ಮಂಗಳವಾರ ಅದೇ ಹೊತ್ತಿಗೆ ಓಣಿ ಮತ್ತೆ ಬೂದಿಯಾದಾಗ ಯಾರಿಗೂ ನಗು ಬರಲಿಲ್ಲ. ಗಾಡಿಗಳೆಲ್ಲ ಅತ್ತ ಓಡಿದ್ದರಿಂದ ಊರಿನ ಇನ್ನೊಂದು ತುದಿಯಲ್ಲಿ ಮೆಟ್ಟಿಲಿಂದ ಜಾರಿಬಿದ್ದ ಅಜ್ಜಿಯೊಬ್ಬಳು ಆಂಬುಲೆನ್ಸಿಗಾಗಿ ಕಾದು ಕಾದು, ಕೊನೆಗೆ ಮಗನ ಆಟೋದಲ್ಲಿ ಆಸ್ಪತ್ರೆ ಸೇರಿದಳು. ಸೊಂಟ ಉಳಿಯಿತು. ಆದರೆ ವಿಷಯ ಬೆಂಗಳೂರಿಗೆ ಮುಟ್ಟಿತು.

ನಿರ್ದೇಶಕಿ ವೈಜಯಂತಿ ಪರದೆಯ ಮೇಲೆ ಕಾಣಿಸಿಕೊಂಡರು. ಕೂಗಾಡುವ ಸ್ವಭಾವ ಅವರದಲ್ಲ. "ಸುವರ್ಣಾ, ಇದ್ದವರನ್ನ ಇಲ್ಲ ಅಂತ ಹೇಳೋ ಜಾಲವನ್ನ ನಾನು ನಡೆಸೋಕಾಗಲ್ಲ. ಆ ಓಣಿ ಮುಂದೆ ಒಂದು ಗಾಡಿ ನಿಲ್ಲಿಸಿ. ಭಾನುವಾರದೊಳಗೆ ಕಾರಣ ಸಿಗದಿದ್ರೆ ಓಣಿಯನ್ನ ಜಾಲದಿಂದ ತೆಗೆದುಬಿಡೋಣ. ಬಿಲ್ಲೆ ವಾಪಸು ತಗೊಳ್ಳಿ."

"ಮೇಡಂ, ಅಲ್ಲಿ ಎದಿ ಬ್ಯಾನಿ ಇದ್ದವರು ಬಾಳ ಮಂದಿ ಅದಾರ್ರಿ. ವಯಸ್ಸಾದ ನೇಕಾರರು."

"ಅದಕ್ಕೇ ಭಾನುವಾರದವರೆಗೆ ಅಂದೆ."

ದಾವಲಸಾಬ ಬುಧವಾರ ಬೆಳಿಗ್ಗೆಯೇ ಓಣಿಗೆ ಹೋದ. ನೀರಿನ ಟಾಕಿಯ ಮೇಲಿದ್ದ, ಬಿಲ್ಲೆಗಳ ಸಂಕೇತ ಹಿಡಿಯುವ ಗೋಪುರದ ಪೆಟ್ಟಿಗೆಯನ್ನು ಬಿಚ್ಚಿ, ಹೊಸದನ್ನು ಕೂಡಿಸಿದ. ಕೇಬಲ್ಲು ಬದಲಿಸಿದ. ಮನೆಮನೆಗೆ ಹೋಗಿ ಬಿಲ್ಲೆಗಳನ್ನು ಪರೀಕ್ಷಿಸಿದ. ಎಲ್ಲವೂ ನೆಟ್ಟಗಿದ್ದವು. ಮಗ್ಗದ ಮೋಟಾರಿನ ಗದ್ದಲಕ್ಕೆ ಸಂಕೇತ ಕೆಡುತ್ತಿರಬೇಕು ಎಂದು ಯಾರೋ ಹೇಳಿದರು. ಸುವರ್ಣಾ ವಿಚಾರಿಸಿದಳು. ಓಣಿ ಬೂದಿಯಾಗುವ ಹೊತ್ತಿಗೆ ಮಗ್ಗಗಳೆಲ್ಲ ನಿಂತಿರುತ್ತಿದ್ದವು. ಮಗ್ಗ ನಡೆಯುವಾಗ ದಿನವಿಡೀ ಉತ್ತರ ಬರುತ್ತಿತ್ತು, ನಿಂತ ಮೇಲೆ ಹೋಗುತ್ತಿತ್ತು. ಸಂಜೆ ಹೊಸ ಪೆಟ್ಟಿಗೆ ಇದ್ದರೂ ಓಣಿ ಮತ್ತೆ ಬೂದಿಯಾಯಿತು. ಗಾಡಿಯವರು ಒಳಗೆ ಹೋದ ಕೂಡಲೇ ಮತ್ತೆ ಹಸಿರಾಯಿತು.

"ನಮ್ಮನ್ನ ನೋಡಿದ ಕೂಡ್ಲೆ ರೋಗ ವಾಸಿ ಆಗತೈತಿ" ಎಂದು ದಾವಲಸಾಬ ಬೇಸರದಿಂದ ನಕ್ಕ. "ನಾವು ಡಾಕ್ಟರ್ ಆಗಬೇಕಿತ್ರಿ."

ಗುರುವಾರ ಸುವರ್ಣಾ ಬೇರೆ ದಾರಿ ಹಿಡಿದಳು. "ತಂತ್ರಾಂಶ ಏನ್ ಹೇಳತೈತಿ ಅದನ್ನ ಬಿಡ್ರಿ. ಗೋಪುರದಿಂದ ಇಲ್ಲಿಗೆ ಬರೋ ತಂತಿಗೇ ಕಿವಿ ಹಚ್ಚೋಣ" ಎಂದಳು. ಇಬ್ಬರೂ ಒಂದು ಬೇರೆ ಯಂತ್ರವನ್ನು ನೇರವಾಗಿ ಒಳಬರುವ ದಾರಿಗೆ ಜೋಡಿಸಿ ಕಾದರು. ಸಂಜೆಯಾಯಿತು. ಗೋಡೆಯ ನಕ್ಷೆಯಲ್ಲಿ ಓಣಿ ಬೂದಿಯಾಯಿತು. ಆದರೆ ಎದುರಿನ ಯಂತ್ರದಲ್ಲಿ ಸಾಲುಗಳು ಧೋ ಎಂದು ಸುರಿಯುತ್ತಿದ್ದವು.

ದಾವಲಸಾಬ ಎದ್ದೇ ನಿಂತ. "ಬರಾಕ ಹತ್ತ್ಯಾವ! ಉತ್ತರ ಬರಾಕ ಹತ್ತ್ಯಾವ್ರೀ! ಒಂದೂ ತಪ್ಪಿಲ್ಲ!"

"ಹಂಗಾದ್ರ ನಮ್ಮ ತಂತ್ರಾಂಶ ಯಾಕ ಒಲ್ಲೆ ಅನ್ನಾಕ ಹತ್ತೇತಿ?"

ಉತ್ತರಗಳು ಯಾವ ಬಾಗಿಲಲ್ಲಿ ಬಿದ್ದುಹೋಗುತ್ತಿವೆ ಎಂದು ಅವರು ಒಂದೊಂದೇ ಹಂತ ದಾಟುತ್ತ ಹೋದರು. ವಿಳಾಸ ಸರಿ. ಸಹಿ ಸರಿ. ಹೊತ್ತು ಸರಿ. ಕೊನೆಗೆ ಸಿಕ್ಕಿದ್ದು ಪ್ರತಿಧ್ವನಿಯ ಜರಡಿ.

ಆ ಜರಡಿಗೂ ಒಂದು ಹಿನ್ನೆಲೆಯಿತ್ತು. ಬಿಲ್ಲೆಗಳು ಹೊಸದಾಗಿ ಬಂದಾಗ ಒಬ್ಬರ ಸಂಕೇತ ತಗಡಿನ ಛಾವಣಿಗೆ, ನೀರಿನ ಟಾಕಿಗೆ ಬಡಿದು ಮರಳಿ, ಪಕ್ಕದವರ ಬಿಲ್ಲೆಗೆ ಹೊಕ್ಕು, ಅದು ತನ್ನದೇ ಎಂಬಂತೆ ಮುಂದೆ ಹೋಗುತ್ತಿತ್ತು. ಎದೆ ನಿಂತವನ ಹೆಸರಿನಲ್ಲಿ ನೆರೆಮನೆಯವನ ಬಡಿತ ಬರುತ್ತಿತ್ತು. ಹಾಗಾಗಿ ಒಂದು ಕಟ್ಟಳೆ ಬರೆದರು: ಒಂದೇ ಆಕಾರದ ಬಡಿತ ಒಂದೇ ಕ್ಷಣದಲ್ಲಿ ಹಲವರ ಹೆಸರಿನಲ್ಲಿ ಬಂದರೆ ಅದು ಯಾರದೂ ಅಲ್ಲ, ಎಲ್ಲವನ್ನೂ ಚೆಲ್ಲು. ಇಬ್ಬರ ಎದೆ ಒಂದೇ ಥರ ಬಡಿಯುವುದುಂಟೆ? ಕಟ್ಟಳೆ ಹಲವು ಜೀವ ಉಳಿಸಿತ್ತು.

ದಾವಲಸಾಬ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ಜರಡಿ ಚೆಲ್ಲಿದ ಗೆರೆಗಳೆಲ್ಲ ಒಂದೇ ಗೆರೆಯಂತೆ ಕಂಡವು. "ಜರಡಿ ತಗದು ಹಾಕಿದ್ರ ಈಗಿಂದೀಗ ಎಲ್ಲಾ ಹಸರ ಆಗತೈತಿ" ಎಂದ.

"ಖರೇನ ಪ್ರತಿಧ್ವನಿ ಆಗಿದ್ರ? ಸತ್ತವರನ್ನೂ ಹಸರ ತೋರಸ್ತೈತಿ. ಬ್ಯಾಡ" ಎಂದಳು ಸುವರ್ಣಾ.

ಅಂದು ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವಳ ಕೈ ರೊಟ್ಟಿಯ ಮೇಲೆ, ಮನಸ್ಸು ಗೆರೆಗಳ ಮೇಲೆ. ಗಂಡ ಚಿದಾನಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಬದನೆಕಾಯಿ ಎಣಗಾಯಿ ಬಡಿಸುತ್ತ, "ಏನಂತ ನಿನ್ನ ಓಣಿ?" ಎಂದು ಕೇಳಿದ.

ಅವಳು ಹೇಳಿದಳು. ಅವನು ಕೇಳಿಸಿಕೊಂಡು ನಕ್ಕ. "ನಮ್ಮ ಒಂಬತ್ತನೇ ಕ್ಲಾಸಿನ ಹುಡುಗೂರು ಹಿಂಗ ಮಾಡತಾವ. ಹಾಜರಿ ಕೂಗಾಕ ಸುರು ಮಾಡಿದ್ರ ಎಲ್ಲಾವೂ ಒಮ್ಮಿಗೇ ಎಸ್ ಸಾರ್ ಅಂತಾವ. ನಾನು ಒಬ್ಬರದೂ ಹಾಕಂಗಿಲ್ಲ."

"ಆದ್ರ ಅವು ಕ್ಲಾಸಿನ್ಯಾಗ ಇರ್ತಾವಲ್ಲ?"

"ಇರ್ತಾವ. ಒಂದೆರಡು ತಪ್ಪಿಸಿಗೊಂಡೂ ಹೋಗಿರ್ತಾವ. ದನಿ ಕೇಳಿದ್ರ ಗೊತ್ತಾಗಂಗಿಲ್ಲ. ಕುರ್ಚಿ ಬಿಟ್ಟ ಎದ್ದು ಹೋಗಿ ಮಾರಿ ನೋಡಬೇಕು."

ಸುವರ್ಣಾ ಅವನನ್ನೇ ನೋಡಿದಳು. ನಾಲ್ಕು ದಿನಗಳಿಂದ ಆ ಓಣಿಯ ಪೆಟ್ಟಿಗೆ ನೋಡಿದ್ದರು, ಬಿಲ್ಲೆ ನೋಡಿದ್ದರು, ತಂತಿ ನೋಡಿದ್ದರು. ಚುಕ್ಕೆಗಳು ಬೂದಿಯಾಗುವ ಹೊತ್ತಿಗೆ ಅಲ್ಲಿನ ಜನ ಏನು ಮಾಡುತ್ತಿರುತ್ತಾರೆ ಎಂದು ಯಾರೂ ಕೂತು ನೋಡಿರಲಿಲ್ಲ.

ಶುಕ್ರವಾರ ಸಂಜೆ ಅವಳು ಪಾಳಿಯನ್ನು ದಾವಲಸಾಬನಿಗೆ ಒಪ್ಪಿಸಿ, ಗಾಡಿ ಬಿಟ್ಟು, ಸೀರೆ ಸೆರಗು ಹೊದ್ದು ನಡೆದುಕೊಂಡೇ ಹಣಿಗಿ ಓಣಿಗೆ ಹೋದಳು. ಬಾಗಿಲುಗಳ ಮುಂದೆ ಬಣ್ಣ ಹಾಕಿದ ನೂಲಿನ ಲಡಿಗಳು ಒಣಗುತ್ತಿದ್ದವು, ಕೆಂಪು, ಹಳದಿ, ಗಿಳಿಹಸಿರು. ಮಗ್ಗಗಳು ಆಗಷ್ಟೇ ನಿಂತಿದ್ದವು. ಓಣಿಯ ಕೊನೆಗೆ ಅಗಸೆಬಾಗಿಲಿನ ಕಟ್ಟೆಯ ಮೇಲೆ, ಕೆಳಗೆ, ಮೆಟ್ಟಿಲ ಮೇಲೆ ಜನ ಕೂಡುತ್ತಿದ್ದರು. ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಕಟ್ಟೆಯ ನಡುವೆ ತೆಳ್ಳನೆಯ ಒಬ್ಬ ಹಿರಿಯರು ನಿಂತಿದ್ದರು. ಅವರ ಬೆರಳುಗಳು ಮಣಿಕಟ್ಟಿನ ತನಕ ನೀಲಿ.

ಅವರು ವಿರೂಪಾಕ್ಷಪ್ಪ ಗಂಜಿ. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ನೇಕಾರರ ಸಹಕಾರಿ ಸಂಘಕ್ಕೆ ಇಪ್ಪತ್ತೈದು ತುಂಬುವ ಸಮಾರಂಭಕ್ಕೆಂದು ಓಣಿಯ ಮೇಲೆ ಒಂದು ಉದ್ದನೆಯ ಪದ ಕಟ್ಟಿದ್ದರು. ಅದನ್ನು ಇಡೀ ಓಣಿ ಒಟ್ಟಾಗಿ ಹಾಡಬೇಕೆಂಬುದು ಅವರ ಹಟ. ಸೋಮವಾರದಿಂದ ತಾಲೀಮು ನಡೆದಿತ್ತು.

ಸುವರ್ಣಾ ಯಾರೆಂದು ತಿಳಿದ ಕೂಡಲೇ ಅವರ ಹೆಂಡತಿ ಕಾಶವ್ವ ಸರಸರ ಎದ್ದು ಬಂದಳು. "ಬರ್ರಿ ಅಕ್ಕಾರ, ಬರ್ರಿ. ನಿಮಗ ಸಾಕ ಸಾಕ ಮಾಡೀವಿ ನೋಡ್ರಿ. ಕೂಡ್ರಿ, ಚಾ ಮಾಡಸ್ತೀನಿ. ಏ, ಹಾಡದು ಬಂದ್ ಮಾಡ್ರೋ, ನಾಡಿಮನ್ಯಾವ್ರು ಬಂದಾರ!"

"ಬ್ಯಾಡ ಯವ್ವಾ, ಬಂದ್ ಮಾಡಬ್ಯಾಡ್ರಿ" ಎಂದು ಸುವರ್ಣಾ ಅವಳ ಕೈ ಹಿಡಿದಳು. "ದಿನಾ ನೀವು ಹಾಡ್ತಿದ್ರೇನು? ಗಾಡಿಯವರು ಕೇಳಿದ್ರ ಸುಮ್ನ ಕುಂತಿದ್ವಿ ಅಂತ ಹೇಳಿದ್ರೆಲ್ಲ?"

ಕಾಶವ್ವನಿಗೆ ಆಶ್ಚರ್ಯವಾಯಿತು. "ಹಾಡದು ಕೆಲಸ ಏನ್ರಿ? ಸುಮ್ನ ಕುಂತಾಗ ಹಾಡತೀವಿ. ಗಾಡಿ ಒಳಗ ಬಂದ್ರ ಹಾಡು ನಿಲ್ಲಸ್ತೀವಿ."

ತಾಲೀಮು ಶುರುವಾಯಿತು. ವಿರೂಪಾಕ್ಷಪ್ಪ ನೀಲಿ ಬೆರಳು ಎತ್ತಿದರು. "ಉಸರ ನಡುವ ಹರಿಬ್ಯಾಡ್ರಿ. ಒಂದ ಸಾಲು, ಒಂದ ಉಸರು. ನೂಲು ಹರದಂಗ ಹರದ್ರ ಅರಬಿ ಆಗಂಗಿಲ್ಲ. ಹಾಂ, ಜಗ್ಗ್ರಿ ಉಸರು!"

ಇಡೀ ಕಟ್ಟೆ ಒಟ್ಟಿಗೆ ಎದೆ ತುಂಬ ಗಾಳಿ ಎಳೆದುಕೊಂಡಿತು. ಆಮೇಲೆ ನಿಧಾನವಾಗಿ, ಉದ್ದವಾಗಿ ಹಾಡು ಹೊರಟಿತು.

ಹಾಸಿಗೊಂದೆಳಿ ಹೊಕ್ಕಿಗೊಂದೆಳಿ ಕೂಡಿತವ್ವ ಕೂಡಿತ
ನಡುವ ಹಾರುವ ಲಾಳಿ ನೋಡಿ ನಕ್ಕಿತವ್ವ ನಕ್ಕಿತ

ಸುವರ್ಣಾಳ ಮೈ ಜುಮ್ಮೆಂದಿತು. ಹಾಡು ಚೆನ್ನಾಗಿತ್ತು, ಅದೊಂದು. ಇನ್ನೊಂದು, ಅವಳಿಗೆ ಕಾರಣ ಹೊಳೆದಿತ್ತು. ಉಸಿರು ಎಳೆದುಕೊಂಡಾಗ ಮನುಷ್ಯನ ಎದೆ ತುಸು ಅವಸರದಿಂದ ಬಡಿಯುತ್ತದೆ, ಬಿಟ್ಟಾಗ ತುಸು ನಿಧಾನಿಸುತ್ತದೆ. ನೂರಾರು ಜನ ಒಂದೇ ಉಸಿರಿನಲ್ಲಿ ಏರಿ ಒಂದೇ ಉಸಿರಿನಲ್ಲಿ ಇಳಿದರೆ? ಒಟ್ಟಿಗೆ ಹಾಡುವವರ ಬಡಿತ ಹತ್ತಿರ ಹತ್ತಿರ ಬರುತ್ತದೆಂದು ಅವಳು ಓದಿದ್ದಳು. ಇಷ್ಟು ಹತ್ತಿರ ಬರಬಹುದೆಂದು ಜರಡಿ ಬರೆದವರು ಎಣಿಸಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿಯಿತ್ತು. ಅವಳ ಮೈಮೇಲೂ ಬಿಲ್ಲೆಯಿತ್ತು. ಅವಳು ಕಾಶವ್ವನ ಪಕ್ಕ ಚಕ್ಕಳಮಕ್ಕಳ ಕೂತು, ಎರಡನೇ ನುಡಿಗೆ ದನಿ ಕೂಡಿಸಿದಳು. ಮೊದಲು ಅವಳ ಉಸಿರು ಸಾಲಿನ ನಡುವೆಯೇ ಮುಗಿಯಿತು. ಕಾಶವ್ವ ಮೊಣಕೈಯಿಂದ ತಿವಿದು, "ಹೊಟ್ಟೀಲೆ ಜಗ್ಗ್ರಿ" ಎಂದಳು. ಮೂರನೇ ನುಡಿಗೆ ಸರಿಹೋಯಿತು. ನಾಲ್ಕನೆಯದಕ್ಕೆ ತಾನೆಲ್ಲಿದ್ದೇನೆ, ಯಾಕೆ ಬಂದೆ ಎಂಬುದೂ ಅವಳಿಗೆ ಅಷ್ಟಾಗಿ ನೆನಪಿರಲಿಲ್ಲ. ಆಗ ಮಡಿಲಲ್ಲಿದ್ದ ಫೋನು ನಡುಗಿತು.

"ಮೇಡಂ!" ದಾವಲಸಾಬ ಕಿರುಚುತ್ತಿದ್ದ. "ನೀವೂ ಹೋದ್ರಿ! ನೀವೂ ಬೂದಿ ಆದ್ರಿ!"

ಸುವರ್ಣಾ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಾನು ಹಾಡಾಕ ಹತ್ತೀನಿ ದಾವಲ್. ಎಲ್ಲಾರೂ ಹಾಡಾಕ ಹತ್ಯಾರ. ಪ್ರತಿಧ್ವನಿ ಅಲ್ಲ ಅದು. ಎಲ್ಲಾರೂ ಇದ್ದಾರ!"

ಆ ಕಡೆ ಕೀಲಿಮಣೆಯ ಸದ್ದು ಕೇಳಿತು. ಆಮೇಲೆ ದಾವಲಸಾಬನ ದನಿ ಬದಲಾಗಿತ್ತು. "ಮೇಡಂ, ಒಂದು ಚುಕ್ಕಿ ಮಾತ್ರ ಹಸರ ಉಳದೈತಿ. ದಿನಾ ಉಳದಿತ್ತೇನೋ, ನಾವು ಬೂದಿ ಅಷ್ಟ ನೋಡಿದ್ವಿ."

"ಯಾರೋ ಹಾಡದಂಗ ಸುಮ್ನ ಕುಂತಿರಬೇಕು."

"ಹೆಸರು ವಿರೂಪಾಕ್ಷಪ್ಪ ಗಂಜಿ ಅಂತ ಐತ್ರಿ."

ಸುವರ್ಣಾ ತಲೆಯೆತ್ತಿದಳು. ವಿರೂಪಾಕ್ಷಪ್ಪ ಕಣ್ಣು ಮುಚ್ಚಿ, ಎಲ್ಲರಿಗಿಂತ ಮುಂದೆ ನಿಂತು, ಎಲ್ಲರ ದನಿಯನ್ನೂ ಬೆರಳ ತುದಿಯಲ್ಲಿ ಹಿಡಿದು ಹಾಡಿಸುತ್ತಿದ್ದರು. ಓಣಿಯ ಉಸಿರೆಲ್ಲ ಅವರ ಉಸಿರಿನ ಹಿಂದೆ ಹೋಗುತ್ತಿತ್ತು. ಅವರ ಎದೆಯೊಂದೇ ಬೇರೆ ಬಡಿಯಬೇಕಾದರೆ?

"ಅವರ ಗೆರಿ ತಗದು ನೋಡ್ರಿ. ಸಾರಾಂಶ ಬ್ಯಾಡ, ಮೂಲ ಗೆರಿ. ಲಗೂನ."

"ನೋಡಾಕ ಹತ್ತೀನಿ... ನಡುನಡುವ ಬಡಿತ ತಪ್ಪತೈತ್ರಿ. ಇಲ್ಲಿ ಒಂದ ಕಡೆ, ಮೂರು ಸೆಕೆಂಡು ಏನೂ ಇಲ್ಲ. ಇಲ್ಲಿ ಮತ್ತ. ಮೇಡಂ, ನಾಲ್ಕು ಸೆಕೆಂಡು!"

ಬೇರೆ ಹೊತ್ತಿನಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಜನ ನಡೆಯುತ್ತಾರೆ, ಜಗಳಾಡುತ್ತಾರೆ, ಚಹಾ ಕುಡಿಯುತ್ತಾರೆ. ಎಲ್ಲರ ಬಡಿತವೂ ಏರುತ್ತ ಇಳಿಯುತ್ತ ಇರುವ ಆ ಗದ್ದಲದಲ್ಲಿ ಒಬ್ಬರ ತಪ್ಪಿದ ಬಡಿತವನ್ನು ತಂತ್ರಾಂಶ ಸರಾಸರಿಯಲ್ಲಿ ನುಂಗಿಬಿಡುತ್ತಿತ್ತು. ಓಣಿ ಒಂದಾಗಿ ಬಡಿದಾಗ ಮಾತ್ರ ಅದು ಬೇರೆಯಾಗಿ ನಿಂತಿತ್ತು.

ಸುವರ್ಣಾ ಕಟ್ಟೆಯ ಬಳಿ ಓಡಿ ಅವರ ತೋಳು ಹಿಡಿದಳು. ಹಾಡು ನಿಂತಿತು.

"ಅಜ್ಜಾರ, ನಿಮಗ ಕಣ್ಣಿಗೆ ಕತ್ತಲಿ ಬರತೈತೇನು?"

ವಿರೂಪಾಕ್ಷಪ್ಪ ಕಾಶವ್ವನ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿದರು. "ಒಂದೀಟು ಬರತೈತಿ. ಹಾಡಿಂದ ಬರತೈತಿ ಅಂತ ಮಾಡಿದ್ದೆ. ಪದ ಚಲೋ ಬಂತಂದ್ರ ಹಂಗ ಆಗತೈತಲ್ಲ."

"ಎಷ್ಟ ದಿನಾ ಆತು?" ಎಂದಳು ಕಾಶವ್ವ. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಒಂದ್... ತಿಂಗಳು."

"ಒಂದು ತಿಂಗಳು! ನನಗ ಹೇಳಲಿಲ್ಲ!"

"ಹೇಳಿದ್ರ ನೀ ಹಾಡಾಕ ಬಿಡ್ತಿದ್ದೇನು? ಇವತ್ತಿನ ಕಡೀ ನುಡಿ ಒಂದ ಉಳದೈತಿ, ಅದನ್ನ ಮುಗಿಸಿ..."

"ಗಾಡ್ಯಾಗ ಹತ್ತ್ರಿ ಮೊದಲ" ಎಂದಳು ಕಾಶವ್ವ. ಆ ದನಿಗೆ ಇಡೀ ಓಣಿ ಹಿಂದೆ ಸರಿದು ದಾರಿ ಬಿಟ್ಟಿತು. ನಾಲ್ಕು ದಿನ ಸುಮ್ಮನೆ ಬಂದು ಮಂಡಕ್ಕಿ ತಿಂದು ಹೋಗುತ್ತಿದ್ದ ಆಂಬುಲೆನ್ಸಿನವರಿಗೆ ಅಂದು ಕೆಲಸ ಸಿಕ್ಕಿತು.

ಆಸ್ಪತ್ರೆಯ ಹೃದ್ರೋಗ ವೈದ್ಯೆ ಗೆರೆಗಳನ್ನು ನೋಡಿ ತಲೆ ಅಲ್ಲಾಡಿಸಿದರು. ಎದೆಯನ್ನು ಬಡಿಸುವ ನರದ ದಾರಿ ಸವೆದಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಒಂದು ಸಲ ನಿಂತ ಬಡಿತ ಮರಳಿ ಬರುತ್ತಿತ್ತೋ ಇಲ್ಲವೋ. ಮರುದಿನವೇ ಅವರ ಎದೆಯೊಳಗೆ ಪೇಸ್‌ಮೇಕರ್ ಇಟ್ಟರು. ಎಚ್ಚರವಾದಾಗ ವಿರೂಪಾಕ್ಷಪ್ಪ ಕೇಳಿದ ಮೊದಲ ಮಾತು, "ಕಡೀ ನುಡಿ ಹಾಡಿದ್ರೇನು?" ಕಾಶವ್ವ ಅವರ ಹಣೆಯ ಮೇಲೆ ಕೈಯಿಟ್ಟು, "ಇಲ್ಲ. ನೀವು ಬರೂತನಕ ಯಾರೂ ಬಾಯಿ ತಗ್ಯಂಗಿಲ್ಲ ಅಂದಾರ" ಎಂದಳು. ಆಮೇಲೆ ಹೊರಗೆ ಬಂದು ಸುವರ್ಣಾಳ ಹೆಗಲಿಗೆ ಹಣೆ ಹಚ್ಚಿ ಅತ್ತಳು.

ಭಾನುವಾರ ನಿರ್ದೇಶಕಿಯೊಂದಿಗೆ ಸಭೆ. ಸುವರ್ಣಾ ಜರಡಿಯನ್ನು ತೆಗೆಯಬೇಕೆಂದು ಕೇಳಲಿಲ್ಲ. ದಾವಲಸಾಬನೂ ಅವಳೂ ಶನಿವಾರವಿಡೀ ಕೂತು ಕಂಡುಕೊಂಡದ್ದನ್ನು ಹೇಳಿದಳು. "ಮೇಡಂ, ಪ್ರತಿಧ್ವನಿ ಒಮ್ಮಿಂದೊಮ್ಮಿಗೆ ಒಂದಾಗತೈತ್ರಿ. ಹಾಡೋ ಮಂದಿ ಸಾವಕಾಶ ಒಂದಾಗ್ತಾರ. ಒಬ್ಬೊಬ್ಬರದು ಒಂದೊಂದು ನಡಿಗಿ ಇರತೈತಿ, ಎರಡು ಮೂರು ನಿಮಿಷದಾಗ ಹತ್ತಿರ ಬರತಾರ. ಆ ಬರೋ ದಾರಿ ನೋಡಿದ್ರ ಸಾಕು, ಯಾವುದು ಯಾವುದು ಅಂತ ತಿಳೀತೈತಿ. ಹಸರು, ಬೂದಿ ಎರಡ ಅದಾವ. ಮೂರನೇ ಬಣ್ಣ ಬೇಕು. ಅರಿಷಿಣ ಇಡೋಣ."

"ಆ ಬಣ್ಣಕ್ಕೆ ಪಕ್ಕದಲ್ಲಿ ಏನಂತ ಬರೆಯೋದು?"

ಸುವರ್ಣಾ ಸ್ವಲ್ಪ ಅಳುಕಿದಳು. "ಹಾಡುತ್ತಿದ್ದಾರೆ, ಅಂತ."

ವೈಜಯಂತಿ ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರದ ತಂತ್ರಾಂಶವೊಂದರಲ್ಲಿ ಆ ಮಾತು ಹೇಗೆ ಕಾಣುತ್ತದೆಂದು ಯೋಚಿಸುತ್ತಿದ್ದಂತಿತ್ತು. ಕೊನೆಗೆ, "ಬರೀರಿ" ಎಂದರು. "ಆ ಅರಿಶಿನದ ನಡುವೆ ಹಸಿರಾಗಿ ಉಳಿದವರ ಹೆಸರು ತಕ್ಷಣ ನನಗೂ ಬರಬೇಕು."

ಹೊಸ ಬಣ್ಣ ಬಂದ ಮೇಲೆ ನಾಡಿಮನೆಯವರಿಗೆ ನಕ್ಷೆ ನೋಡುವುದೇ ಒಂದು ಸಂಭ್ರಮವಾಯಿತು. ಎಲ್ಲೆಲ್ಲೋ ಅರಿಶಿನದ ಬೊಟ್ಟುಗಳು ಮೂಡುತ್ತಿದ್ದವು. ನರಗುಂದದ ಕಡೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಂಗಸರ ಸಾಲೊಂದು ಮಧ್ಯಾಹ್ನಕ್ಕೆ ಸರಿಯಾಗಿ ಹಳದಿಯಾಗುತ್ತಿತ್ತು. ಶಿರಹಟ್ಟಿಯ ಒಂದು ಭಜನಾಮಂಡಳಿ, ಲಕ್ಷ್ಮೇಶ್ವರದ ಒಂದು ದರ್ಗಾದ ಅಂಗಳ, ರೋಣದ ಬಸ್ಸಿನಲ್ಲಿ ಮದುವೆಗೆ ಹೊರಟ ದಿಬ್ಬಣ. ಆ ಬಸ್ಸು ಹೆದ್ದಾರಿಯುದ್ದಕ್ಕೂ ಹಳದಿಯಾಗಿಯೇ ಹರಿದುಹೋಯಿತು. ಹಸಿರಾಗಿ ಉಳಿದವರಿಗೆಲ್ಲ ಫೋನು ಹೋಗುತ್ತಿತ್ತು. ಹೆಚ್ಚಿನವರಿಗೆ ಏನೂ ಆಗಿರುತ್ತಿರಲಿಲ್ಲ. ಭಜನೆಯಲ್ಲಿ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದ ಒಬ್ಬ ಗೌಡರು ಫೋನಿನ ಸದ್ದಿಗೆ ಎಚ್ಚರಾಗಿ ಜೋರಾಗಿ ಜಯಕಾರ ಹಾಕಿದರಂತೆ. ಆದರೆ ಮುಂಡರಗಿಯ ಒಬ್ಬ ತಾಯಿಗೆ, ಡಂಬಳದ ಒಬ್ಬ ಶಿಕ್ಷಕನಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕಿತು.

ಸಂಘದ ಸಮಾರಂಭವನ್ನು ವಿರೂಪಾಕ್ಷಪ್ಪನವರಿಗಾಗಿ ಮುಂದಕ್ಕೆ ಹಾಕಿದ್ದರು. ಅವರು ಮನೆಗೆ ಮರಳಿ, ಚೇತರಿಸಿಕೊಂಡು, ಮತ್ತೆ ಕಟ್ಟೆಯ ಮೇಲೆ ನಿಂತ ದಿನ ಓಣಿಯ ಮಂದಿ ಚಪ್ಪಾಳೆ ತಟ್ಟಿದರು. ಈಗ ಓಣಿಯ ನಕ್ಷೆ ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ಹಾಡು ಶುರುವಾಯಿತು. ಚುಕ್ಕೆಗಳು ಒಂದೊಂದಾಗಿ ಹಳದಿಯಾದವು. ವಿರೂಪಾಕ್ಷಪ್ಪನವರದು ಮಾತ್ರ ಹಸಿರಾಗಿಯೇ ಉಳಿಯಿತು.

ಮರುದಿನ ಕಾಶವ್ವ ನಾಡಿಮನೆಗೆ ಫೋನು ಮಾಡಿದಳು. "ಅಕ್ಕಾರ, ನಮ್ಮವರು ಮಾತ ಬಿಟ್ಟಾರ್ರಿ. ನಾನ ಕಟ್ಟಿದ ಪದ, ನಾನ ಹೊರಗ ಅಂತ ಗ್ವಾಡಿಗೆ ಮಾರಿ ಮಾಡಿ ಕುಂತಾರ. ನನಗ ಮಶೀನಿನ ಎದಿ ಹಾಕ್ಯಾರ, ಅದಕ್ಕ ಹಾಡ ತಿಳಿಯಂಗಿಲ್ಲ ಅಂತಾರ. ಸಮಾರಂಭಕ್ಕ ಬರಂಗಿಲ್ಲ ಅಂತ."

ಸುವರ್ಣಾಳಿಗೆ ಕಾರಣ ಗೊತ್ತಿತ್ತು. ಪೇಸ್‌ಮೇಕರ್ ಒಂದೇ ಓಟದಲ್ಲಿ ಎದೆಯನ್ನು ಬಡಿಸುತ್ತದೆ. ಉಸಿರು ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜೀವಕ್ಕೆ ಅಷ್ಟು ಸಾಕು. ಆದರೂ ಅವಳು ಆಸ್ಪತ್ರೆಗೆ ಹೋಗಿ ವೈದ್ಯೆಯನ್ನು ಕಂಡಳು. ಪೂರಾ ಕೇಳಿ ವೈದ್ಯೆ ಹುಬ್ಬೇರಿಸಿದರು. "ಪದ ಹಾಡಲಿಕ್ಕಾ? ಇದುವರೆಗೂ ಇದನ್ನ ಯಾರೂ ಕೇಳಿಲ್ಲ." ಆಮೇಲೆ ನಕ್ಕರು. "ಉಸಿರಿನ ಹಿಂದೆ ಹೋಗುವ ಗುಣ ಆ ಯಂತ್ರಕ್ಕೆ ಇದೆ. ಮೆಟ್ಟಿಲು ಹತ್ತುವವರಿಗೆ, ಓಡುವವರಿಗೆ ಬೇಕಾಗುತ್ತೆ. ಅವರ ವಯಸ್ಸಿಗೆ ಬೇಡ ಅಂತ ಮುಚ್ಚಿಟ್ಟಿದ್ದೆ. ಕರ್ಕೊಂಡು ಬನ್ನಿ. ನನ್ನ ಕಣ್ಣಮುಂದೆ ಹಾಡಲಿ, ಎದೆಗೆ ಹೊರೆಯಾಗದಷ್ಟು ತೆರೆಯೋಣ."

ವಿರೂಪಾಕ್ಷಪ್ಪ ಆಸ್ಪತ್ರೆಯ ಕೋಣೆಯಲ್ಲಿ ತಮ್ಮ ಪದ ಹಾಡಿದರು. ವೈದ್ಯೆ ಎದೆಯ ಮೇಲೆ ಒಂದು ಬಿರಡೆಯಂಥ ಉಪಕರಣ ಹಿಡಿದು, ಪರದೆ ನೋಡುತ್ತ, ತುಸು ತುಸುವೇ ತಿದ್ದಿದರು. ಎರಡು ನುಡಿ ಮುಗಿಯುವಷ್ಟರಲ್ಲಿ ಬಾಗಿಲ ಹೊರಗೆ ನರ್ಸುಗಳು ಗುಂಪುಗೂಡಿದ್ದರು.

ಸಮಾರಂಭದ ಸಂಜೆ ಸುವರ್ಣಾಳಿಗೆ ಪಾಳಿ ಇತ್ತು. ಅವಳು ರಜೆ ಕೇಳಲಿಲ್ಲ. ಆ ಹೊತ್ತಿಗೆ ನಕ್ಷೆಯ ಮುಂದೆಯೇ ಇರಬೇಕೆಂದು ಅವಳಿಗೆ ಅನಿಸಿತ್ತು. ಪಾಳಿ ಮುಗಿದವರೂ ಮನೆಗೆ ಹೋಗದೆ ಅವಳ ಹಿಂದೆ ನಿಂತಿದ್ದರು. ಚಿದಾನಂದ ಬಿಸಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದಿದ್ದ. ಕಾಶವ್ವ ಫೋನು ಹಚ್ಚಿ ಸೆರಗಿಗೆ ಸಿಗಿಸಿಕೊಂಡಿದ್ದಳು, ಸಂಘದ ಅಂಗಳದ ಗದ್ದಲ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಯಾರೋ ಭಾಷಣ ಮುಗಿಸಿದರು. ಗದ್ದಲ ತಗ್ಗಿತು. ವಿರೂಪಾಕ್ಷಪ್ಪನವರ ದನಿ ಬಂತು: "ಜಗ್ಗ್ರಿ ಉಸರು!"

ಮೊದಲ ನುಡಿ ಮುಗಿಯಿತು. ಚುಕ್ಕೆಗಳಿನ್ನೂ ಹಸಿರು. ಎರಡನೆಯದರ ನಡುವೆ ಅಂಚಿನಲ್ಲೊಂದು ಹಳದಿಯಾಯಿತು, ಆಮೇಲೆ ನಾಲ್ಕಾರು, ಆಮೇಲೆ ಅಂಗಳದ ಅರ್ಧ. ಮೂರನೆಯದು ಮುಗಿಯುವಷ್ಟರಲ್ಲಿ ಅಂಗಳವೆಲ್ಲ ಹಳದಿ, ನಟ್ಟನಡುವೆ ಒಂದೇ ಒಂದು ಹಸಿರು.

"ಆಗವಲ್ದು" ಎಂದ ದಾವಲಸಾಬ.

"ತಡೀರಿ" ಎಂದಳು ಸುವರ್ಣಾ. "ಮಶೀನು ಹೊಸಾದು. ಕಲಿಯಾಕ ಹೊತ್ತು ಬೇಕು."

ನಾಲ್ಕನೇ ನುಡಿ ಶುರುವಾಯಿತು. ಒಂದು ಸಾಲು, ಒಂದು ಉಸಿರು. ಮಿರ್ಚಿ ಕೈಯಲ್ಲಿ ಹಿಡಿದವರು ತಿನ್ನದೆ ನಿಂತಿದ್ದರು. ಎರಡನೇ ಸಾಲಿನ ಕೊನೆಗೆ, ದನಿ ನೆಲಕ್ಕಿಳಿಯುವಂತೆ ಇಳಿಯುತ್ತಿದ್ದಾಗ, ಆ ಹಸಿರು ಚುಕ್ಕೆ ಒಮ್ಮೆ ಮಿನುಗಿ ಹಳದಿಯಾಯಿತು. ಸುತ್ತಲಿನ ಹಳದಿಯಲ್ಲಿ ಅದು ಯಾವುದು ಎಂದು ಮತ್ತೆ ಗುರುತಿಸಲು ಯಾರಿಗೂ ಆಗಲಿಲ್ಲ.

ನಾಡಿಮನೆಯಲ್ಲಿ ಎದ್ದ ಕೂಗಿಗೆ ಕಾವಲುಗಾರ ಒಳಗೆ ಓಡಿ ಬಂದ. ದಾವಲಸಾಬ ಚಿದಾನಂದನನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಸ್ಪೀಕರಿನಿಂದ ಕಾಶವ್ವನ ಪಿಸುದನಿ ಕೇಳಿಸಿತು.

"ಏನ್ರಿ ಅಕ್ಕಾರ ಅದು ಗದ್ದಲ?"

"ಕಾಶವ್ವಾರ, ನಿಮ್ಮವರು ಎಲ್ಲಾರ ಜೋಡಿ ಕೂಡಿದ್ರು! ಇಲ್ಲಿ ಕಾಣಾಕ ಹತ್ತೇತಿ!"

"ಅದು ನನಗ ಇಲ್ಲಿಂದನ ಕಾಣತೈತ್ರಿ, ಅವರ ಮಾರೀ ಮ್ಯಾಲ" ಎಂದಳು ಕಾಶವ್ವ. "ಫೋನ್ ಇಡ್ತೀನಿ. ಐದನೇ ನುಡಿ ಎತ್ತಾಕ ಹತ್ಯಾರ, ನಾನೂ ಹಾಡಬೇಕು."